ಮುಧೋಳದ ಮರಿಗೊಂದು ಕೌದಿ

ಮುಧೋಳ ನಾಯಿಯನ್ನು ಹೊಗಳುವವರಿಗೆ ಕೊರತೆಯಿಲ್ಲ. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಬಂತು. 2016ರಲ್ಲಿ ಮರಿಗಳು ಮೀರತ್‌ನ ಸೈನ್ಯದ ತರಬೇತಿ ಕೇಂದ್ರಕ್ಕೆ ಹೋದವು. 2020ರಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಅದರ ಹೆಸರು ಹೇಳಿದರು. ಇಷ್ಟು ಹೆಸರು ಮಾಡಿದ ನಾಯಿಯ ಮರಿ ಹೊಸ ಮನೆಗೆ ಬಂದ ರಾತ್ರಿ ಎಲ್ಲಿ ಮಲಗುತ್ತದೆ ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ.

ನಮ್ಮ ಕಡೆ ನಡೆದುಬಂದ ರೂಢಿ ಹೀಗಿದೆ: ಮರಿ ತಂದ ದಿನವೇ ಕೊಟ್ಟಿಗೆಯ ಗೂಟಕ್ಕೋ ಪಡಸಾಲೆಯ ಕಂಬಕ್ಕೋ ಹಗ್ಗ ಬಿಗಿದು, ಕೆಳಗೊಂದು ಗೋಣಿಚೀಲ ಒಗೆಯುವುದು. ರಾತ್ರಿಯೆಲ್ಲ ಕುಂಯ್‌ಗುಟ್ಟಿದರೆ, ‘ಎರಡ ದಿನ ಅಳತೈತಿ, ಆಮ್ಯಾಲ ಸುಮ್ನಾಗತೈತಿ’ ಎನ್ನುತ್ತಾರೆ. ಸುಮ್ಮನಾಗುವುದು ನಿಜ. ಆದರೆ ಅದು ಒಗ್ಗಿಕೊಂಡ ಮೌನವಲ್ಲ, ಕೂಗಿದರೂ ಯಾರೂ ಬರುವುದಿಲ್ಲ ಎಂದು ತಿಳಿದ ಮೌನ. ಮರಿಗೆ ಆ ಜಾಗವೆಂದರೆ ಹಗ್ಗ, ಒಂಟಿತನ. ನಾಳೆ ಹಗ್ಗ ಬಿಚ್ಚಿದರೆ ಅದು ಅಲ್ಲಿಗೆ ಯಾಕೆ ಮರಳಬೇಕು?

ಬೇಟೆಯ ತಳಿ, ಗಟ್ಟಿ ಜೀವ, ಇದಕ್ಕೇಕೆ ಮೆತ್ತನೆ ಹಾಸಿಗೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಈ ನಾಯಿಯ ಮೈ ನೋಡಿ: ತೆಳು ಚರ್ಮ, ಗಿಡ್ಡ ಕೂದಲು, ಕೊಬ್ಬು ಕಡಿಮೆ, ಮೊಣಕೈ ಮತ್ತು ಸೊಂಟದ ಎಲುಬು ಎದ್ದು ಕಾಣುತ್ತವೆ. ಬರಿ ಪರ್ಸಿಕಲ್ಲಿನ ನೆಲದ ಮೇಲೆ ವರ್ಷಗಟ್ಟಲೆ ಮಲಗಿದ ನಾಯಿಯ ಮೊಣಕೈಯಲ್ಲಿ ಕೂದಲು ಉದುರಿ, ಚರ್ಮ ಬೂದುಬಣ್ಣಕ್ಕೆ ತಿರುಗಿ ಜಡ್ಡುಗಟ್ಟಿರುತ್ತದೆ. ಕೆಲವಕ್ಕೆ ಅಲ್ಲಿ ನೀರು ತುಂಬಿ ಬಾವು ಬರುತ್ತದೆ.

ಪೇಟೆಯವರು ಅಂಗಡಿಯಿಂದ ದುಂಡನೆಯ ಫೋಮ್ ಹಾಸಿಗೆ ತರುತ್ತಾರೆ. ಉದ್ದೇಶ ಒಳ್ಳೆಯದೇ, ಆದರೆ ಈ ತಳಿಗೆ ಅದು ಹೊಂದುವುದಿಲ್ಲ. ಹಲ್ಲು ಬದಲಾಗುವ ನಾಲ್ಕೈದು ತಿಂಗಳ ವಯಸ್ಸಿನಲ್ಲಿ ಮರಿ ಫೋಮನ್ನು ಕಿತ್ತು ನುಂಗಿದರೆ ಕರುಳು ಕಟ್ಟಿಕೊಳ್ಳಬಹುದು. ಬೆಳೆದ ಮೇಲಂತೂ ಎರಡು ಅಡಿಗೂ ಮಿಕ್ಕಿ ಎತ್ತರದ ಈ ನಾಯಿ ಕಾಲು ನೀಡಿ ಮಲಗಲು ಆ ದುಂಡು ಸಾಲದು.

ಇವೆರಡಕ್ಕಿಂತ ಮೇಲು ನಮ್ಮ ಮನೆಗಳಲ್ಲೇ ಇರುವ ಹಳೆಯ ಕೌದಿ. ಸೀರೆ, ಧೋತರದ ತುಂಡುಗಳನ್ನು ಪದರು ಪದರಾಗಿ ಇಟ್ಟು ಒತ್ತೊತ್ತಾಗಿ ಹೊಲಿದದ್ದು ಅಷ್ಟು ಸುಲಭಕ್ಕೆ ಹಲ್ಲಿಗೆ ಸಿಗುವುದಿಲ್ಲ. ಮರಿಗೆ ನಾಲ್ಕು ಮಡಿಕೆ ಹಾಕಿದರೆ, ಬೆಳೆದಂತೆ ಒಂದೊಂದೇ ಮಡಿಕೆ ಬಿಚ್ಚಬಹುದು. ಒಗೆದು ಬಿಸಿಲಿಗೆ ಹರವಬಹುದು, ಚಿಗಟ ಉಣ್ಣಿಗಳ ಕಾಟ ಕಡಿಮೆಯಾಗುತ್ತದೆ. ಆದರೆ ಮೊದಲ ಒಂದೆರಡು ವಾರ ಒಗೆಯಬೇಡಿ. ಮರಿಗೆ ಬೇಕಾದದ್ದು ವಾಸನೆ. ತಾಯಿ ಮತ್ತು ಒಡಹುಟ್ಟಿದ ಮರಿಗಳು ಮಲಗಿದ್ದ ಬಟ್ಟೆಯ ತುಂಡೊಂದನ್ನು ಮಡಿಕೆಯೊಳಗೆ ಇಟ್ಟರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ತಾಳ್ಮೆಯದು. ಮರಿಯನ್ನು ಎತ್ತಿ ಕೌದಿಯ ಮೇಲೆ ಕುಕ್ಕಬಾರದು. ಹಾಲಲ್ಲಿ ನೆನೆಸಿದ ರೊಟ್ಟಿಯ ಚೂರನ್ನು ಅಲ್ಲಿಟ್ಟು ದೂರ ಕೂತರೆ, ಮೂಸಿ, ಹಿಂದೆ ಸರಿದು, ಮತ್ತೆ ಬಂದು ಮುಂಗಾಲೆರಡನ್ನೇ ಇಟ್ಟು ತಿನ್ನುತ್ತದೆ. ಆಗಲೇ ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ಆಡಿ ದಣಿದ ಹೊತ್ತಿಗೆ ಅಲ್ಲೇ ಉರುಳಿಕೊಳ್ಳುತ್ತದೆ. ಮೊದಲ ರಾತ್ರಿಗಳಲ್ಲಿ ಕೌದಿ ಮನೆಮಂದಿಯ ಹಾಸಿಗೆಯ ಪಕ್ಕದಲ್ಲೇ ಇರಲಿ. ಒಗ್ಗಿದ ಮೇಲೆ ದಿನಕ್ಕಿಷ್ಟು ಸರಿಸುತ್ತಾ ಪಡಸಾಲೆಗೆ ಒಯ್ಯಬಹುದು. ಬೇಸಿಗೆಯ ಉರಿಯಲ್ಲಿ ಕೌದಿ ಬಿಟ್ಟು ತಣ್ಣನೆಯ ಪರ್ಸಿಗೆ ಹೋದರೆ ಬೈಯಬೇಡಿ, ಅದು ಹಟವಲ್ಲ, ಸೆಕೆ.

ಒಂದು ಮಾತನ್ನು ಮಾತ್ರ ಬಿಗಿಯಾಗಿ ಹೇಳಬೇಕು. ಕೌದಿಯ ಮೇಲಿರುವ ಮರಿಗೆ ಹೊಡೆಯಬಾರದು, ಮಕ್ಕಳು ಅದನ್ನು ಎಳೆಯಬಾರದು. ಅಪರಿಚಿತರ ಕೈ ತಾಗುವುದನ್ನು ಸಹಿಸದ ತಳಿ ಇದು. ತನ್ನದೆನ್ನುವ ಒಂದು ಜಾಗವಿದ್ದರೆ ನೆಂಟರು ಬಂದಾಗ ಅದು ಕಚ್ಚಲು ಹೋಗದೆ ಅಲ್ಲಿಗೆ ಸರಿಯುತ್ತದೆ.

ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದಾಗಲಿ ಊರಿನ ಸಾಕಣೆದಾರರಿಂದಾಗಲಿ ಮರಿ ತರುವವರು ಹೋಗುವಾಗಲೇ ಒಂದು ಹಳೆಯ ಬಟ್ಟೆ ಒಯ್ದು ತಾಯಿಯ ಬಳಿ ಹಾಸಿಸಲಿ. ಮಾರುವವರೂ ಲಸಿಕೆಯ ಚೀಟಿಯ ಜೊತೆ ಆ ಬಟ್ಟೆಯನ್ನು ಮರೆಯದೆ ಕೊಟ್ಟು ಕಳಿಸಲಿ.