ಸೋಡಾ ಬಾಟಲಿಯ ದಪ್ಪ ನಂಬುವಂಥದ್ದೇ?

ಅಮೃತಮಹಲ್ ದನಗಳ ಹುಲ್ಲುಗಾವಲಾಗಿದ್ದ ಉಳ್ಳಾರ್ತಿ ಕಾವಲ್ ಕಡೆಯಿಂದ ಬೇಸಿಗೆಯಲ್ಲಿ ಚಳ್ಳಕೆರೆ ಪೇಟೆಗೆ ಬಂದವರಿಗೆ ಗೋಲಿ ಸೋಡಾದ ಗುಣಗಾನ ಮಾಡಬೇಕಿಲ್ಲ. 1870ರ ದಶಕದಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ರೂಪಿಸಿದ ಈ ಬಾಟಲಿ ಜಾಣತನದ್ದೇ. ಒಳಗಿನ ಗ್ಯಾಸೇ ಗೋಲಿಯನ್ನು ಕೊರಳಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ, ಬೇರೆ ಮುಚ್ಚಳ ಬೇಡ. ಆದರೆ ‘ದಪ್ಪ ಗಾಜು, ಏನೂ ಆಗಲ್ಲ’ ಎನ್ನುತ್ತಾರಲ್ಲ, ನನ್ನ ತಕರಾರು ಆ ಮಾತಿನ ಮೇಲೆ.

ಗಾಜಿನ ಬಲ ಇರುವುದು ಅದರ ಮೈಯಲ್ಲಿ. ಆಗಷ್ಟೇ ಎಳೆದ ಕೂದಲೆಳೆಯಂಥ ಗಾಜಿನ ನೂಲು ಸಾಮಾನ್ಯ ಗಾಜಿಗಿಂತ ಎಷ್ಟೋ ಪಟ್ಟು ಬಲವಾದದ್ದು ಎಂದು ಎ.ಎ. ಗ್ರಿಫಿತ್ ನೂರು ವರ್ಷದ ಹಿಂದೆಯೇ ತೋರಿಸಿದ. ಕಣ್ಣಿಗೆ ಕಾಣದ ಗೀರೊಂದು ಬಿದ್ದರೆ ಎಳೆತವೆಲ್ಲ ಅದರ ತುದಿಗೆ ಸೇರುತ್ತದೆ. ತೇವ ತಾಗಿದರೆ ಗೀರು ಸದ್ದಿಲ್ಲದೆ ಬೆಳೆಯುತ್ತದೆ.

ಗೀರು ಬೀಳಲು ಶುರುವಾಗುವುದು ಕಾರ್ಖಾನೆಯಲ್ಲೇ. ಅಚ್ಚಿನಿಂದ ಬಿಸಿಬಿಸಿಯಾಗಿ ಬಂದ ಬಾಟಲಿಯನ್ನು ಇಕ್ಕಳ ಎತ್ತುತ್ತದೆ, ಅದು ಲೋಹದ ಪಟ್ಟಿಯ ಮೇಲೆ ಸಾಗುತ್ತದೆ, ಪಕ್ಕದ ಬಾಟಲಿಗೆ ತಾಗುತ್ತದೆ. ಯಾವುದೂ ಮುಟ್ಟದ ಒಳಮೈ ಗಟ್ಟಿಯಾಗಿರುತ್ತದೆ, ಹೊರಮೈ ಹುಟ್ಟಿದ ಗಳಿಗೆಯಿಂದಲೇ ಸೋಲುತ್ತ ಬರುತ್ತದೆ. ಅದಕ್ಕೇ ಒಳ್ಳೆಯ ಕಾರ್ಖಾನೆಗಳು ಬಿಸಿ ಬಾಟಲಿಗೆ ತವರದ ಆಕ್ಸೈಡಿನ ಪದರ ಕೂರಿಸುತ್ತವೆ. ಆಮೇಲೆ ಉದ್ದನೆಯ ಕುಲುಮೆಯಲ್ಲಿ ನಿಧಾನವಾಗಿ ತಣಿಸಿ, ಕೊನೆಗೆ ಪಾಲಿಥೀನಿನ ತೆಳು ಲೇಪ ಕೊಡುತ್ತವೆ. ತವರದ ಪದರ ಮೇಲಿನ ಲೇಪವನ್ನು ಹಿಡಿದಿಡುತ್ತದೆ. ಆ ಲೇಪದಿಂದ ಬಾಟಲಿಗಳು ಉಜ್ಜಿಕೊಳ್ಳದೆ ಜಾರುತ್ತವೆ. ತಣಿಸುವಾಗ ಅವಸರ ಮಾಡಿದರೆ ಗಾಜಿನೊಳಗೆ ಬಿಗಿತ ಉಳಿದು, ಸಣ್ಣ ಪೆಟ್ಟಿಗೂ ಬಾಟಲಿ ಒಡೆದೀತು.

ಇಷ್ಟೆಲ್ಲ ಜೋಪಾನವನ್ನು ನಾವು ಹಾಳು ಮಾಡುತ್ತೇವೆ. ಕಾಸ್ಟಿಕ್ ನೀರಿನಲ್ಲಿ ಮತ್ತೆ ಮತ್ತೆ ತೊಳೆದರೆ ಆ ಜಾರು ಲೇಪ ಹೋಗುತ್ತದೆ. ಖಾನೆಯಿಲ್ಲದ ಕ್ರೇಟಿನಲ್ಲಿ ಗಡಗಡ ಸಾಗಿದ ಬಾಟಲಿಗಳ ಹೆಗಲು, ಬುಡದ ಸುತ್ತ ಬಿಳಿ ಪಟ್ಟೆ ಮೂಡುತ್ತದೆ. ಅದನ್ನು ಬರೀ ಹಳೆಯದರ ಗುರುತು ಎಂದುಕೊಂಡು ಮತ್ತೆ ಗ್ಯಾಸ್ ತುಂಬುತ್ತೇವೆ. ದಪ್ಪ ಗಾಜು ಒಳಗಿನ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಒಪ್ಪೋಣ. ಬಿಸಿಲಿಗೆ ಕಾದ ಬಾಟಲಿಯನ್ನು ನೇರ ಐಸಿಗೆ ಹಾಕಿದಾಗ ಮಾತ್ರ ಆ ದಪ್ಪವೇ ಎದುರು ನಿಲ್ಲುತ್ತದೆ: ಒಳಪದರ ಇನ್ನೂ ಬಿಸಿಯಿರುವಾಗಲೇ ಹೊರಮೈ ಕುಗ್ಗಲು ನೋಡಿ ಎಳೆತಕ್ಕೆ ಸಿಕ್ಕಿಕೊಳ್ಳುತ್ತದೆ. ಗೀರುಗಳಿರುವುದೂ ಅಲ್ಲೇ.

ಕಾಡ್‌ನ ವಿನ್ಯಾಸಕ್ಕೆ ಪೂರ್ತಿ ಅಂಕ ಕೊಡಬಹುದು, ನಮ್ಮ ಬಳಕೆಗೆ ಅರ್ಧವೂ ಹೆಚ್ಚು. ಸೋಡಾ ಮಾಡುವವರು ಖಾನೆಯಿರುವ ಕ್ರೇಟ್ ಇಟ್ಟುಕೊಳ್ಳಲಿ. ಬಿಳಿ ಪಟ್ಟೆ ಅಗಲವಾದ, ಬುಡದಲ್ಲಿ ಚಕ್ಕೆ ಎದ್ದ ಬಾಟಲಿಯನ್ನು ಗಾಜು ಕರಗಿಸುವವರಿಗೆ ಕೊಟ್ಟುಬಿಡಲಿ.