ಬೆಂಕಿ, ಚಳಿ, ಕೋಳಿಯ ಕೂಗು: ಪಾತ್ರನಿರ್ಮಾಣ ಕುರಿತು ಒಂದು ವಿಚಾರ

ಕಥೆಯ ಪಾತ್ರವೊಂದು ನಮಗೆ ನಿಜವಾಗಿ ಪರಿಚಯವಾಗುವುದು ಗುಣವಾಚಕಗಳಿಂದಲ್ಲ. ಅದು ನಿಂತ ನೆಲ, ಮುಟ್ಟಿದ ವಸ್ತು, ಅದರ ಕಿವಿಗೆ ಬಿದ್ದ ದನಿ, ಇವುಗಳಿಂದ. ಸಾಹಿತ್ಯ ವಿಮರ್ಶೆಗೆ ಇದು ಹಳೆಯ ಮಾತು. ದೈವಶಾಸ್ತ್ರವನ್ನು ಬೋಧಿಸುವ ನಾವು ಇದನ್ನು ತಡವಾಗಿ ಕಲಿತೆವು, ಕಲಿತದ್ದೂ ತರಗತಿಯಲ್ಲಲ್ಲ.

ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನ ಸಮೀಪದ ಹಳ್ಳಿಯೊಂದರಲ್ಲಿ, ತಪಸ್ಸುಕಾಲದ ಒಂದು ಸಂಜೆ, ಪೇತ್ರನ ನಿರಾಕರಣೆಯನ್ನು ಕುರಿತು ಮಾತನಾಡಿದ್ದೆವು. ಪೇತ್ರ ದುರ್ಬಲ, ಅಂಜುಬುರುಕ, ಪಶ್ಚಾತ್ತಾಪಿ ಎಂದು ಹೇಳಿ ಮುಗಿಸಿದೆವು. ಕಂಬಳಿ ಹೊದ್ದು ಕುಳಿತಿದ್ದ ಮುದುಕ ಕುರಿಗಾಹಿಯೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಅವತ್ತು ರಾತ್ರಿ ಚಳಿ ಇತ್ತಾ, ಸ್ವಾಮಿ?" ನಮ್ಮಲ್ಲಿ ಉತ್ತರವಿರಲಿಲ್ಲ. ಮರಳಿ ಬಂದು ಯೊವಾನ್ನನ ಶುಭಸಂದೇಶದ 18ನೆಯ ಅಧ್ಯಾಯವನ್ನು ತೆರೆದರೆ ಚಳಿಯ ಮಾತು ಅಲ್ಲಿಯೇ ಇತ್ತು. ಎಷ್ಟೋ ಸಲ ಓದಿಯೂ ನಾವು ಅದನ್ನು ದಾಟಿ ಹೋಗಿದ್ದೆವು.

ಆ ಚಳಿಯನ್ನು ತೆಗೆದುಬಿಟ್ಟರೆ ಪೇತ್ರ ಬೆಂಕಿಯ ಬಳಿಗೆ ಬರಲು ಕಾರಣವೇ ಉಳಿಯದು. ಪ್ರಭುವನ್ನು ಬಂಧಿಸಿದವರೇ ಹೊತ್ತಿಸಿದ ಕೆಂಡದ ಸುತ್ತ, ಅವರ ನಡುವೆ, ಅವನು ಮೈ ಕಾಯಿಸಿಕೊಳ್ಳುತ್ತ ನಿಂತಿದ್ದಾನೆ. ಅವನ ಮನಸ್ಸಿನಲ್ಲಿ ಏನಿತ್ತೆಂದು ಶುಭಸಂದೇಶಕಾರ ಹೇಳುವುದಿಲ್ಲ. ಅಂಗಳ, ಕೆಂಡ, ಕೋಳಿಯ ಕೂಗು ಇಷ್ಟನ್ನೇ ಇಟ್ಟು ಸುಮ್ಮನಾಗುತ್ತಾನೆ. ಆ ಕೆಂಡದ ಬೆಂಕಿಗೆ ಬಳಸಿದ 'ಅಂಥ್ರಾಕಿಯ' ಎಂಬ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ: 21ನೆಯ ಅಧ್ಯಾಯದಲ್ಲಿ, ಪುನರುತ್ಥಾನಗೊಂಡ ಪ್ರಭು ಸರೋವರದ ದಡದಲ್ಲಿ ಮೀನು ಸುಡುವ ಕಡೆ. ಮೂರು ಸಲ ಅಲ್ಲಗಳೆದವನಿಗೆ ಅಲ್ಲಿ ಮೂರು ಸಲ ಪ್ರಶ್ನೆ. ಕ್ಷಮೆ ಎಂಬ ಪದ ಅಲ್ಲಿಲ್ಲ. ಅದೇ ಬಗೆಯ ಬೆಂಕಿ ಇದೆ. ಎರಿಕ್ ಔವರ್‌ಬಾಕ್ 1946ರಲ್ಲಿ ಪ್ರಕಟವಾದ 'ಮಿಮೆಸಿಸ್' ಗ್ರಂಥದಲ್ಲಿ ಪೇತ್ರನ ನಿರಾಕರಣೆಯನ್ನೇ ಆಯ್ದು, ಸಾಮಾನ್ಯ ಬೆಸ್ತನೊಬ್ಬನ ಒಳಗಿನ ಕುಸಿತವನ್ನು ಇಷ್ಟು ಗಂಭೀರವಾಗಿ ಚಿತ್ರಿಸಲು ಪ್ರಾಚೀನ ಸಾಹಿತ್ಯದ ಉದಾತ್ತ ಶೈಲಿಗೆ ಎಡೆಯಿರಲಿಲ್ಲವೆಂದು ವಾದಿಸಿದ್ದು ಆಕಸ್ಮಿಕವಲ್ಲ.

ಇದೇ ನೆಲದ ಲೇಖಕರೊಬ್ಬರು ದನಿಯೊಂದರಿಂದಲೇ ಪಾತ್ರವನ್ನು ಕಟ್ಟಿದ್ದಾರೆ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ತ.ರಾ.ಸು. ಅವರ 'ಹಂಸಗೀತೆ'ಯ ನಾಯಕ ಹದಿನೆಂಟನೆಯ ಶತಮಾನದ ಚಿತ್ರದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯ. ಅವನ ಹೆಸರಿಗೆ ಊರು ಅಂಟಿಲ್ಲ, ಕುಲ ಅಂಟಿಲ್ಲ, ರಾಗ ಅಂಟಿದೆ. ಅಚ್ಚಾದ ಪುಟಕ್ಕೆ ಹಾಡುವ ಶಕ್ತಿಯಿಲ್ಲ. ಜಿ.ವಿ. ಅಯ್ಯರ್ ಅವರ 1975ರ ಚಲನಚಿತ್ರಕ್ಕೆ ಬಾಲಮುರಳೀಕೃಷ್ಣರ ಕಂಠವಿತ್ತು. ಕಾದಂಬರಿಗೆ ಅಕ್ಷರ ಮಾತ್ರ. ಭೈರವಿಯನ್ನು ಓದುಗ ತನ್ನ ನೆನಪಿನಲ್ಲಿಯೇ ಕೇಳಿಸಿಕೊಳ್ಳಬೇಕು. ಹಾಗೆ ಕೇಳಿಸಿಕೊಂಡದ್ದರಿಂದಲೇ, ದೇವರಿಗೆ ಮೀಸಲಾದ ಹಾಡನ್ನು ಅರಸನ ಆಜ್ಞೆಗೆ ಒಪ್ಪಿಸಲಾರದೆ ಅವನು ನಾಲಗೆಯನ್ನೇ ಕತ್ತರಿಸಿಕೊಂಡಾಗ ಆ ಮೌನಕ್ಕೆ ಅಷ್ಟು ಭಾರ ಬರುತ್ತದೆ. ತ್ಯಾಗವೆಂಬ ಪದವನ್ನು ಲೇಖಕ ಬಳಸಲಿ, ಬಿಡಲಿ, ಓದುಗನ ಕಿವಿಗೆ ನಷ್ಟ ತಟ್ಟಿರುತ್ತದೆ.

ಇಲ್ಲಿ ದೈವಶಾಸ್ತ್ರಕ್ಕೊಂದು ಪ್ರಶ್ನೆ ಏಳುತ್ತದೆ. ವೆಂಕಟಸುಬ್ಬಯ್ಯ ಪವಿತ್ರವಾದ ನಾಲಗೆಯನ್ನು ಕಳೆದುಕೊಳ್ಳುತ್ತಾನೆ. ಪೇತ್ರ ಸುಳ್ಳಾಡಿದ ನಾಲಗೆಯನ್ನು ಉಳಿಸಿಕೊಳ್ಳುತ್ತಾನೆ. ಮೊದಲನೆಯವನ ಕಥೆ ಮಾನವಭಕ್ತಿಯ ತುದಿಯನ್ನು ತೋರಿಸುತ್ತದೆ. ಎರಡನೆಯವನದು ಕೃಪೆಯ ಮೊದಲನ್ನು. ಕಾಣಿಕೆಯಾಗಿ ನಾಲಗೆಯನ್ನು ಪ್ರಭು ಕೇಳಲಿಲ್ಲ. ಅದೇ ನಾಲಗೆಯಿಂದ ಹೊಸ ಮಾತೊಂದನ್ನು ಕೇಳಿದ. ಈ ಅಂತರವನ್ನು ನಮಗೆ ಕಾಣಿಸಿದ್ದು ಸಿದ್ಧಾಂತವಲ್ಲ. ಒಂದು ರಾಗ ಮತ್ತು ಒಂದು ಬೆಂಕಿ.

ಪಾತ್ರವನ್ನು ವಿಶೇಷಣಗಳಿಂದ ತುಂಬುವ ಪ್ರಬೋಧಕನ ತಪ್ಪು ಪುಟದ ಆಚೆಗೂ ಹರಡುತ್ತದೆ. ವರವು ಕಾವಲಿನಲ್ಲಿ 4,000 ಎಕರೆಗೂ ಮಿಕ್ಕ ಹುಲ್ಲುಗಾವಲು ರಕ್ಷಣಾ ಸಂಶೋಧನೆಯ ವೈಮಾನಿಕ ಪರೀಕ್ಷಾ ವಲಯಕ್ಕೆ ಸಂದಿದೆ. ಅದು 2017ರಲ್ಲಿ ಉದ್ಘಾಟನೆಗೊಂಡಿತು. ಅದರ ಅಗತ್ಯದ ಚರ್ಚೆ ಇಲ್ಲಿನ ವಿಷಯವಲ್ಲ. ಆದರೆ ಅಮೃತಮಹಲ್ ದನಗಳಿಗೆಂದು ಕಾದಿರಿಸಿದ್ದ ಆ ನೆಲವನ್ನು 'ಖಾಲಿ' ಎಂದು ಕರೆದವರೂ ಪೇತ್ರನನ್ನು 'ಅಂಜುಬುರುಕ' ಎಂದ ನಾವೂ ಒಂದೇ ಬಗೆಯ ಓದುಗರು. ಕಂಬಳಿ, ಕುರಿಯ ಕೊರಳ ಗಂಟೆ, ಇರುಳಿನ ಬೆಂಕಿ, ಇವುಗಳನ್ನು ಬಿಟ್ಟು ಓದಿದರೆ ಮನುಷ್ಯನೂ ಖಾಲಿಯಾಗಿಯೇ ಕಾಣುತ್ತಾನೆ.

ಗುರು ಅಭ್ಯರ್ಥಿಗಳಿಗೆ ನಾವೀಗ ಹೇಳುವುದಿಷ್ಟೆ: ಪಾತ್ರ ಎಂಥವನೆಂದು ಹೇಳುವ ಮೊದಲು ಅವನು ಎಲ್ಲಿ ನಿಂತಿದ್ದಾನೆ, ಕೈ ಎಲ್ಲಿದೆ, ಏನು ಕೇಳಿಸುತ್ತಿದೆ ಎಂಬುದನ್ನು ಗ್ರಂಥದಲ್ಲಿ ಹುಡುಕಿರಿ. ಆ ಹಿರಿಯರ ಪ್ರಶ್ನೆಗೆ ಉತ್ತರ ಕೊಡಲು ನಾವು ಮತ್ತೆ ಹೋದೆವು. ಚಳಿ ಇತ್ತು ಎಂದೆವು. ಅವರು ತಲೆಯಾಡಿಸಿ, "ಹಂಗಾದ್ರೆ ಪಾಪ, ಬೆಂಕಿ ಹತ್ರ ಹೋಗ್ದೆ ಏನ್ಮಾಡ್ಯಾನು" ಎಂದರು. ನಮ್ಮ ಇಡೀ ಪ್ರಬೋಧನೆಯಲ್ಲಿ ಆ ಕರುಣೆ ಇರಲಿಲ್ಲ.