ಟಿಕೆಟ್ಟು ಕೊಂಡವರ ಅನುಭವ

'ಅನುಭವ' ಎಂಬುದು ಒಂದು ಕಾಲಕ್ಕೆ ನಮ್ಮ ನವ್ಯರ ಬಾಯಲ್ಲಿ ಮೂರು ಹೊತ್ತೂ ಆಡುತ್ತಿದ್ದ ಮಾತು. ಯಾರ ಅನುಭವ ಎಂದು ಕೇಳಿಯೇ ನಾವು ಆ ಪಾಳೆಯದಿಂದ ಹೊರಬಂದದ್ದು. ಈಗ ಅದೇ ಮಾತು ಮ್ಯೂಸಿಯಂ ಕಟ್ಟುವವರ ಬಾಯಿಗೆ ಬಂದಿದೆ. ಗಾಜಿನ ಪೆಟ್ಟಿಗೆ ನೋಡಿಕೊಂಡು ಹೋಗುವ ಮ್ಯೂಸಿಯಂ ಹಳತಾಯಿತಂತೆ. ಬಂದವರು ಮುಟ್ಟಬೇಕು, ಗುಂಡಿ ಒತ್ತಬೇಕು, ಕತ್ತಲಲ್ಲಿ ಬೆಚ್ಚಬೇಕು, 'ಅನುಭವಿಸಿ' ಹೊರಬರಬೇಕು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದ ಕೋಲಾರ ಚಿನ್ನದ ಗಣಿಯಲ್ಲೂ ಇಂಥದೊಂದು ಮಾಡಬಹುದೆಂಬ ಮಾತು ಆಗಾಗ ಏಳುತ್ತದೆ, ಅಡಗುತ್ತದೆ. ಕಟ್ಟುವ ಮೊದಲೇ ಜಗಳ ಆಡುವುದು ಮೇಲು. ಆಮೇಲೆ ಆಡಿದರೆ 'ಆವಾಗ ಎಲ್ಲಿ ಮಲಗಿದ್ರಿ?' ಅಂತಾರೆ.

ಅದು ಹೇಗಿರುತ್ತದೆಂದು ಊಹಿಸಲು ದೊಡ್ಡ ಬುದ್ಧಿ ಬೇಡ. ಬಾಗಿಲಲ್ಲಿ ಹೆಲ್ಮೆಟ್ಟು. ಆಮೇಲೆ ಅಲುಗಾಡುವ ಕೇಜು, 3,200 ಮೀಟರು ಇಳಿದ ಹಾಗೆ ಭ್ರಮೆ ಹುಟ್ಟಿಸುವ ಬೆಳಕು. ಬಂಡೆ ಸಿಡಿದ ಸದ್ದು, ಮಕ್ಕಳ ಕಿರುಚಾಟ. 1902ರಲ್ಲಿ ಶಿವನಸಮುದ್ರದಿಂದ ಬಂದ ಕರೆಂಟಿಗೆ ಒಂದು ಕೋಣೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಗುರುತಿಸಿದ್ದಕ್ಕೆ ಮಿನುಗುವ ಇನ್ನೊಂದು ಕೋಣೆ. ಕೊನೆಗೆ ಚಿನ್ನದ ಗಟ್ಟಿ ಹಿಡಿದು ಫೋಟೋ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಆ ವಿಜ್ಞಾನಿಗಳಿಗೂ ಆಳ ತೋಡಿ ಕೊಟ್ಟವರು ಯಾರು?

1880ರಲ್ಲಿ ಜಾನ್ ಟೇಲರ್ ಕಂಪೆನಿ ಇಲ್ಲಿಗೆ ಬಂದ ಮೇಲೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬರ, ಸಾಲ, ಜಾತಿ ಮೂರನ್ನೂ ಬೆನ್ನಿಗೆ ಬಿಟ್ಟು ಬಂದ ಜನ ಅವರು. ಬಹುಪಾಲು ಆದಿದ್ರಾವಿಡರು. ಜಾತಿಯೇನೂ ಹಿಂದೆ ಉಳಿಯಲಿಲ್ಲ, ಅವರ ಜೊತೆಗೇ ಗಣಿಗೆ ಇಳಿಯಿತು. ದೊರೆಗಳಿಗೆ ಬಂಗಲೆ, ಕ್ಲಬ್ಬು. ಇವರಿಗೆ ತಟ್ಟಿ ಗುಡಿಸಲು, ಆಮೇಲೆ ಲೈನು ಮನೆ. ಆಳದ ಬಂಡೆಯ ಬಿಸಿ ಐವತ್ತು ಡಿಗ್ರಿ ದಾಟುತ್ತಿತ್ತು. ಕಲ್ಲಿನ ದೂಳು ಎದೆಗೆ ಇಳಿದು ಸಿಲಿಕೋಸಿಸ್ ಆಗುತ್ತಿತ್ತು. ಮೇಲೆ ಬಂದರೆ ಚಿನ್ನ ಕದ್ದಿದ್ದಾನೇನೋ ಎಂದು ಮೈಯೆಲ್ಲ ತಡಕುವ ತಪಾಸಣೆ. ಹತ್ತು ನಿಮಿಷದ ಕೇಜಿನಲ್ಲಿ ಬೆವರು ಹರಿಸಬಹುದು. ಮೂವತ್ತು ವರ್ಷದ ಕೆಮ್ಮನ್ನು ಯಾವ ಯಂತ್ರದಿಂದ ಮಾಡಿ ತೋರಿಸುತ್ತಾರೆ?

ಈ ಹೊಸ ಮ್ಯೂಸಿಯಂಗಳಲ್ಲಿ ಬೆರಳಿಟ್ಟರೆ ತೆರೆ ಬೆಳಗುತ್ತದೆ. ಕೆ.ಜಿ.ಎಫ್.ನಲ್ಲಿ ಬೆರಳಿಗೆ ಬೇರೆಯೇ ಚರಿತ್ರೆ ಇದೆ. 1930ರಲ್ಲಿ ಕೂಲಿಕಾರರ ಬೆರಳಚ್ಚು ತೆಗೆದು ದಾಖಲೆ ಮಾಡಿಡುವ ಏರ್ಪಾಟು ಬಂದಾಗ ಸಾವಿರಾರು ಜನ 'ಕೊಡೋದಿಲ್ಲ' ಎಂದು ಕೆಲಸ ಬಿಟ್ಟು ಕೂತರು. ಬೆರಳಚ್ಚು ಕಳ್ಳರದ್ದು ತೆಗೆಯುವುದು, ನಾವೇನು ಕಳ್ಳರೇ ಎಂಬ ಸಿಟ್ಟು ಅದು. ವಿನ್ಯಾಸಕಾರರು ಬೇಕಾದರೆ ಇಲ್ಲಿಂದ ಶುರುಮಾಡಲಿ: ಒಳಗೆ ಹೋಗಬೇಕಾದರೆ ಹೆಬ್ಬೆಟ್ಟು ಒತ್ತಿ ಎನ್ನಲಿ. ಯಾಕೆ ಒತ್ತಬೇಕು ಎಂದು ಬಂದವನು ಕೇಳಿದರೆ ಅಲ್ಲಿಗೆ ಅರ್ಧ ಪಾಠ ಆಯಿತು.

ಬೇರೆ ಕಡೆ ಇಂಥ ಕೆಲಸ ನಡೆದಿದೆ. ಜೊಹಾನ್ಸ್‌ಬರ್ಗ್‌ನಲ್ಲಿ ಹಳೆಯ ಚಿನ್ನದ ಗಣಿಯ ಮೇಲೆ ಗೋಲ್ಡ್ ರೀಫ್ ಸಿಟಿ ಎಂಬ ವಿನೋದದ ಊರನ್ನೇ ಕಟ್ಟಿದ್ದಾರೆ. ಜನರನ್ನು ಗಣಿಗೆ ಇಳಿಸುತ್ತಾರೆ, ಚಿನ್ನ ಕರಗಿಸಿ ಹೊಯ್ದು ತೋರಿಸುತ್ತಾರೆ, ಗಣಿಗಾರರ ಗಮ್‌ಬೂಟ್ ಕುಣಿತವೂ ಉಂಟು. ಅದರ ಪಕ್ಕದಲ್ಲೇ ಅಪಾರ್ಥೈಡ್ ಮ್ಯೂಸಿಯಂ. ನಮ್ಮ ಗಣಿ ಮುಚ್ಚಿದ 2001ರಲ್ಲೇ ಅದು ತೆರೆದದ್ದು. ಅಲ್ಲಿ ಟಿಕೆಟ್ಟೇ ನಿಮ್ಮನ್ನು 'ಬಿಳಿಯ', 'ಬಿಳಿಯನಲ್ಲದವ' ಎಂದು ವಿಂಗಡಿಸುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಬಾಗಿಲು. ಮೊದಲನೆಯದು ತಮಾಷೆ, ಎರಡನೆಯದು ಮುಳ್ಳು. ಎರಡನೆಯದೇ ನಮಗೆ ಒಪ್ಪಿಗೆ, ಆದರೂ ಒಂದು ಸಂಶಯ ಉಳಿಯುತ್ತದೆ. ಐದು ನಿಮಿಷ ಅಸ್ಪೃಶ್ಯನಾಗಿ ಆಡಿದವನು ಹೊರಗೆ ಬಂದು ಕಾಫಿ ಕುಡಿದು ತನ್ನ ಜಾತಿಗೆ ವಾಪಸ್ಸು ಹೋಗುತ್ತಾನೆ. ಇವೆರಡಕ್ಕಿಂತ ನಮಗೆ ಹಿಡಿಸಿದ್ದು ವೇಲ್ಸ್ ದೇಶದ ಬಿಗ್ ಪಿಟ್. 1980ರಲ್ಲಿ ಮುಚ್ಚಿದ ಕಲ್ಲಿದ್ದಲ ಗಣಿ, 1983ರಲ್ಲಿ ಮ್ಯೂಸಿಯಂ ಆಯಿತು. ಬೆಂಕಿಪೊಟ್ಟಣ, ಗಡಿಯಾರ ಎಲ್ಲ ಮೇಲೇ ಬಿಟ್ಟು ನಿಜವಾದ ಕೇಜಿನಲ್ಲಿ 90 ಮೀಟರು ಇಳಿಯಬೇಕು. ಕರೆದೊಯ್ಯುವವರು ಅದೇ ಕಸುಬು ಮಾಡಿದ ಗಣಿಗಾರರು. ಮಾತು ಅವರದು, ಸಂಬಳವೂ ಅವರಿಗೆ.

ಇಲ್ಲಿ ಕನ್ನಡದವರಾದ ನಾವು ಇರಿಸುಮುರಿಸಾದರೂ ಒಂದು ಮಾತು ಆಡಬೇಕು. ಈ ಚರಿತ್ರೆಯ ಬಹುಪಾಲು ತಮಿಳಿನಲ್ಲಿದೆ, ಜೊತೆಗೆ ತೆಲುಗಿನಲ್ಲಿ. ಅಯೋತ್ತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. ಅವರ 'ತಮಿಳನ್' ಪತ್ರಿಕೆ 1920ರ ದಶಕದಲ್ಲಿ ಈ ಗಣಿ ಊರಿನಿಂದಲೇ ಮತ್ತೆ ಹೊರಟಿತು. ಕೂಲಿಕಾರ ಬರೀ ಮೈಯಲ್ಲ, ಓದುತ್ತಿದ್ದ, ವಾದ ಮಾಡುತ್ತಿದ್ದ. 2018 ಮತ್ತು 2022ರ 'ಕೆ.ಜಿ.ಎಫ್.' ಸಿನಿಮಾಗಳು ಸಯನೈಡ್ ಗುಡ್ಡದ ಮೇಲೆ ಕ್ಯಾಮರಾ ಇಟ್ಟವು, ಗುಡ್ಡದ ಕೆಳಗಿನ ಲೈನು ಕಾಣಲಿಲ್ಲ. ಹೊರಗಿನಿಂದ ಬಂದ ಗಂಡುಗಲಿಯೊಬ್ಬ ಗುಲಾಮರನ್ನು ಉದ್ಧಾರ ಮಾಡಿದ. ಮುಷ್ಕರ ಹೂಡಿದ ಜನರಿಗೆ ಉದ್ಧಾರಕನ ದರಕಾರು ಇರಲಿಲ್ಲ ಕಣ್ರೀ! ಆ ಜನರ ಜಾತಿಯನ್ನು ಹೆಸರಿಡಿದು ಹೇಳಲು 2024ರಲ್ಲಿ ಪಾ. ರಂಜಿತ್ ತಮಿಳಿನಲ್ಲಿ 'ತಂಗಲಾನ್' ತೆಗೆಯಬೇಕಾಯಿತು. ಮ್ಯೂಸಿಯಂ ಸಿನಿಮಾದ ಸೆಟ್ಟಾಗುವ ಅಪಾಯ ನಮ್ಮ ಕಣ್ಣ ಮುಂದೆಯೇ ಇದೆ.

ಗಣಿಗೆ ಇಳಿದವರಿಗಿಂತಲೂ ಕೆಳಗೆ ಇನ್ನೊಂದು ಜನ ಇದ್ದರು, ಲೈನುಗಳ ಒಣ ಪಾಯಿಖಾನೆ ಬಾಚುತ್ತಿದ್ದವರು. ಬೆಜವಾಡ ವಿಲ್ಸನ್ 1966ರಲ್ಲಿ ಹುಟ್ಟಿದ್ದು ಕೆ.ಜಿ.ಎಫ್.ನ ಅಂಥದೇ ಮನೆಯಲ್ಲಿ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೆಮ್ಮೆಪಟ್ಟವರು ಬಕೆಟ್ಟು, ಪೊರಕೆ, ತಗಡುಗಳನ್ನು ಚಿನ್ನದ ಗಟ್ಟಿಯ ಪಕ್ಕದಲ್ಲಿ ಇಡಲು ಒಪ್ಪುತ್ತಾರೆಯೇ? ನಮಗೆ ನಂಬಿಕೆ ಇಲ್ಲ.

ಇನ್ನು, ಬರುವವರೆಲ್ಲ ಬೆಂಗಳೂರಿನ ಕಾರಿನಲ್ಲೇ ಬರುತ್ತಾರೆಂದು ಯಾರು ಹೇಳಿದರು? ಮಾರಿಕುಪ್ಪಂನಲ್ಲಿ ಬೆಳಗಿನ ಜಾವದ ರೈಲು ಹಿಡಿದು, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೂಲಿ-ನೌಕರಿಗೆ ಹೋಗುವ ಕೋರಮಂಡಲ್ ಲೈನಿನ ಹುಡುಗಿ ರಜೆಯ ದಿನ ಬಂದರೆ ಅವಳಿಗೆ ಏನು ತೋರಿಸುತ್ತೀರಿ? ಅವಳ ತಾತ ಇಳಿದ ಕತ್ತಲೆಯನ್ನು ಅವಳಿಗೇ ಮಾರುತ್ತೀರಾ? ಗಾಳಿ ಎದ್ದ ದಿನ ಸಯನೈಡ್ ಗುಡ್ಡದ ದೂಳು ಅನ್ನದ ತಟ್ಟೆಗೇ ಬರುತ್ತದೆ, ಅದಕ್ಕೆ ಅವಳಿಗೆ ಟಿಕೆಟ್ಟು ಬೇಡ. ಅವಳಿಗೆ ಬೇಕಾದ್ದು ತಾತನ ಹೆಸರು. ಯಾವ ಶಾಫ್ಟು, ಯಾವ ವರ್ಷ, ಹೇಗೆ ಸತ್ತ ಎಂದು ಹುಡುಕುವ ಮೇಜು. ಬರೆದದ್ದು ಸುಳ್ಳಾದರೆ 'ಹಂಗಲ್ಲ, ಹಿಂಗೆ' ಎಂದು ತನ್ನ ಭಾಷೆಯಲ್ಲೇ ತಿದ್ದುವ ಅಧಿಕಾರ. ಮನೆಯ ಟ್ರಂಕಿನಲ್ಲಿರುವ ಚೀಟಿ, ಫೋಟೋ ತಂದಿಟ್ಟರೆ ಪಕ್ಕದಲ್ಲಿ ಅವಳ ಮನೆಯವರ ಹೆಸರು. ಬಂದವರು ಪಾಲುಗೊಳ್ಳುವುದು ಅಂದರೆ ನಮ್ಮ ಲೆಕ್ಕದಲ್ಲಿ ಇದು, ಗುಂಡಿ ಒತ್ತುವುದಲ್ಲ.

ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ಗಣಿಯ ಹಾಜರಿ ಪುಸ್ತಕ, ಅಪಘಾತದ ದಾಖಲೆ, ಆಸ್ಪತ್ರೆಯ ಲೆಡ್ಜರು ಉಳಿದಿರುವಷ್ಟನ್ನು ಒಂದು ಓದುವ ಕೋಣೆಗೆ ತಂದು ಲೈನಿನ ಜನರಿಗೆ ತೆರೆದಿಡಲಿ. ಕೇಜು, ಬೆಳಕು, ಸದ್ದಿನ ಮಾತು ಅದಾದ ಮೇಲೆ.